ಬಾಗಿಲಲ್ಲಿ ಕೇಳುವ ಸಾಲು

ಹೋಗಿಬರಲು ಎರಡು ಲೀಟರ್ ಪೆಟ್ರೋಲು, ಇಪ್ಪತ್ತು ಸಾವಿರ ರುಪಿಯಾ. ಬರಿಗೈಯಲ್ಲಿ ಹೋಗುವಂತಿಲ್ಲ, ಆದ್ದರಿಂದ ಒಂದು ಕಿಲೊ ಕಿತ್ತಳೆ, ಇಪ್ಪತ್ತೆಂಟು ಸಾವಿರ. ಅರ್ಧ ದಿನದ ರಜೆ. ಅದನ್ನೂ ದುಡ್ಡಿನಲ್ಲಿ ಹೇಳುವುದಾದರೆ ಇನ್ನೊಂದು ತೊಂಬತ್ತು ಸಾವಿರ. ಸಾಲಾತಿಗದ ಹಣ್ಣಿನಂಗಡಿಯ ಮುಂದೆ ಬೈಕಿನ ಮೇಲೆ ಕೂತೇ ಗುನಾರ್ಸೊ ಇಷ್ಟನ್ನು ಕೂಡಿಸಿದ, ಮತ್ತೊಮ್ಮೆ ಕೂಡಿಸಿದ. ಎರಡು ಸಲವೂ ಮೊತ್ತ ಒಂದೇ ಬಂತು. ಅದರಲ್ಲಿ ಸೇರದೆ ಉಳಿದದ್ದು ಒಂದೇ ಒಂದು ಮಾತು: ‘ಬು, ನಂಗೆ ಗೊತ್ತಾಗ್ತಿಲ್ಲ, ಹೇಳ್ಕೊಡಿ.’ ಇದಕ್ಕೆ ಎಷ್ಟು ಬೀಳುತ್ತದೆ ಎಂದು ಅವನಿಗೆ ಅಂದಾಜು ಸಿಗಲಿಲ್ಲ. ವಯಸ್ಸು ನಲವತ್ತನಾಲ್ಕು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ಜನರಿಗೆ ಹಿರಿಯ. ಹದಿನೈದು ವರ್ಷದಿಂದ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿರುವವನು. ಅಂಥವನು ಒಂದು ಮಾತಿಗಾಗಿ ಬೆಟ್ಟ ಹತ್ತಿ ಹೋಗುತ್ತಿದ್ದ. ಅಂಗಡಿಯವಳು ಕಿತ್ತಳೆ ತೂಗಿ ಒಂದನ್ನು ಹೆಚ್ಚಿಗೆ ಹಾಕಿದಳು. ಅವಳಿಗೂ ತನ್ನ ಮುಖ ನೋಡಿ ಕನಿಕರ ಬಂತೇನೋ ಎಂದು ಅವನಿಗೆ ಅನ್ನಿಸಿತು.

ಇವತ್ತು ಲೆಗಿ. ನಾಳೆ ಪಾಹಿಂಗ್, ದನದ ಸಂತೆಯ ದಿನ. ಐದು ದಿನಕ್ಕೊಮ್ಮೆ ಸುತ್ತಿ ಬರುವ ಈ ವಾರದಲ್ಲಿ ಪಾಹಿಂಗ್ ಬಂತೆಂದರೆ ಸುತ್ತಲಿನ ಬೆಟ್ಟದ ಹಳ್ಳಿಗಳಿಂದ ನೂರಾರು ದನ ಲಾರಿ ಹತ್ತುತ್ತವೆ. ಪ್ರತಿ ಲಾರಿಗೂ ಆ ದಿನದ ಹೆಸರಿರುವ ಪಶುವೈದ್ಯ ಇಲಾಖೆಯ ರಹದಾರಿ ಚೀಟಿ ಬೇಕು. ಆ ಚೀಟಿಯನ್ನು ಹಳ್ಳಿ ಹಳ್ಳಿಯ ಪಶುವೈದ್ಯರು ಕಂಪ್ಯೂಟರಿನಲ್ಲಿ ತೆರೆದು ಅಚ್ಚು ಹಾಕುವುದು ಗುನಾರ್ಸೊನ ಕೋಣೆಯಿಂದ ನಡೆಯುವ ವೆಬ್ ತಂತ್ರಾಂಶದಲ್ಲಿ. ನಿನ್ನೆ ಇಲಾಖೆಯ ಕಚೇರಿಯ ಹಾರ್ದಿಮಾನ್ ಫೋನ್ ಮಾಡಿದ್ದರು. ಮಳೆ, ತಮ್ಮ ಮೊಮ್ಮಗಳ ಹಲ್ಲು, ಗುನಾರ್ಸೊನ ತಾಯಿಯ ಸಕ್ಕರೆ ಕಾಯಿಲೆ ಎಲ್ಲವನ್ನೂ ಮಾತಾಡಿದ ಮೇಲೆ, ಅಣ್ಣಾ ಎನ್ನುವಂತೆ ‘ಮಾಸ್’ ಎಂದು ಕರೆದು, "ಆ ಚೀಟಿ ವಿಷಯ, ಮಾಸ್ ಗುನ್... ಸ್ವಲ್ಪ ಏನೋ ಹೊಂದಿಕೆ ಆಗ್ತಾ ಇಲ್ಲ ಅಂತಾರೆ. ದೊಡ್ಡದೇನಲ್ಲ," ಎಂದಿದ್ದರು. ಏನು ಹೊಂದಿಕೆಯಾಗುತ್ತಿಲ್ಲ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಕೊನೆಗೆ ಮಾತ್ರ ದನಿ ಇನ್ನಷ್ಟು ಮೆತ್ತಗೆ ಮಾಡಿ, "ಈ ಪಾಹಿಂಗ್‌ಗೆ ಹಳೇ ಕಾರ್ಬನ್ ಪುಸ್ತಕಾನೇ ಉಪಯೋಗಿಸ್ತೀವಿ. ನಿಮ್ಮದು ನಿಧಾನಕ್ಕೆ ಸರಿಮಾಡಿ, ಅವಸರ ಬೇಡ," ಎಂದರು. ಅವಸರ ಬೇಡ ಎಂದರೆ ಬೇಡವೇ ಬೇಡ ಎಂದರ್ಥ. ಅದು ಗುನಾರ್ಸೊನಿಗೆ ಗೊತ್ತಿತ್ತು. ಪುಸ್ತಕ ಒಮ್ಮೆ ಮೇಜಿನ ಮೇಲೆ ಬಂತೆಂದರೆ ಮತ್ತೆ ಕೆಳಗಿಳಿಯುವುದಿಲ್ಲ. ಚೀಟಿಗಳು ಸಂಜೆಯಿಂದಲೇ ಶುರುವಾಗುತ್ತವೆ. ಅಷ್ಟರೊಳಗೆ ಸರಿಮಾಡದಿದ್ದರೆ ಇಪ್ಪತ್ತು ವರ್ಷದ ಕೆಲಸ ಮುಗಿಯಿತು. ಅದು ತನ್ನೊಬ್ಬನ ಕೆಲಸವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅದನ್ನು ಕಟ್ಟಿದವರು ಬು ಮುರ್ತಿನಿ, ಅವನು ಅಮ್ಮ ಎನ್ನುವಂತೆ ‘ಬು’ ಎಂದು ಕರೆಯುವ, ಈಗ ನಿವೃತ್ತರಾಗಿ ಬೆಟ್ಟದ ಮೇಲಿರುವ ಹಿರಿಯರು.

ಮೆರ್ಬಾಬು ಬೆಟ್ಟದ ಕಡೆಗೆ ರಸ್ತೆ ಏರುತ್ತಿದ್ದಂತೆ ಗಾಳಿ ತಣ್ಣಗಾಯಿತು. ಬೆಳಗ್ಗೆ ಆರು ಸಲ ಪರೀಕ್ಷೆ ಮಾಡಿದ್ದ. ಹತ್ತು ಗಂಟೆಗೆ ಚೀಟಿ ತೆಗೆದರೆ ಲೆಗಿ ಎಂದು ಬಂತು, ಸರಿ. ನಾಳೆಯ ಹತ್ತು ಗಂಟೆ ಎಂದು ಕೊಟ್ಟರೆ ಪಾಹಿಂಗ್ ಬಂತು, ಸರಿ. ಲಸಿಕೆ ಸರಿ, ತೂಕ ಸರಿ, ಲಾರಿ ನಂಬರ್ ಸರಿ. ಎಲ್ಲವೂ ಸರಿಯಾಗಿರುವ ವಸ್ತುವಿನಲ್ಲಿ ತಪ್ಪು ಹುಡುಕುವುದೆಂದರೆ ಕನ್ನಡಿಯಲ್ಲಿ ತನ್ನ ಬೆನ್ನು ನೋಡಲು ಹೋದ ಹಾಗೆ. ತಿರುಗಿದಷ್ಟೂ ಅದೂ ತಿರುಗುತ್ತದೆ. ಏಳು ದಿನದ ಹಿಂದೆ ಹಳೆಯ ಯಂತ್ರದಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಅವನು ತಂತ್ರಾಂಶಕ್ಕೆ ಜೋಡಿಸಿದ್ದ ಒಂದೇ ಒಂದು ಪ್ಲಗಿನ್ ಕೈಬಿಟ್ಟಿದ್ದ, ವೆತೊನ್. ಹುಟ್ಟಿದ ತಾರೀಕು ಕೊಟ್ಟರೆ ಏಳು ದಿನದ ವಾರವನ್ನೂ ಐದು ದಿನದ ವಾರವನ್ನೂ ಸೇರಿಸಿ ಜನ್ಮದಿನದ ಫಲ ಹೇಳುವ ನೂರ ಹನ್ನೆರಡು ಸಾಲಿನ ಒಂದು ಪುಟ್ಟ ಆಟಿಕೆ. ಅದನ್ನು ಬಿಟ್ಟ ಕೂಡಲೇ ರಹದಾರಿ ಬರೆಯುವ ಪ್ಲಗಿನ್ ‘ಜಾಲನ್’ ನಿಂತುಹೋಗಿತ್ತು. ಪಂಚವಾರ ಸಿಗುತ್ತಿಲ್ಲ ಎಂದು ದೂರಿತ್ತು. ಪಂಚವಾರ ಎಂದರೆ ಐದು ದಿನದ ವಾರ ಎಣಿಸುವ ಬು ಮುರ್ತಿನಿಯವರ ಹಳೆಯ ಮಾಡ್ಯೂಲ್, ಬೇರೆ ಕಡತಗಳು ಕರೆದು ಬಳಸುವ ಕಡತ. ಉಳಿದ ಪ್ಲಗಿನ್ನುಗಳು ಹೆಸರಿಸಿ ಕೇಳಿದ್ದ ಮಾಡ್ಯೂಲುಗಳಷ್ಟೇ ಹೊಸದಕ್ಕೆ ಬಂದಿದ್ದವು; ಇದು ಹಳೆಯ ಯಂತ್ರದಲ್ಲೇ ಉಳಿದಿತ್ತು, ಆ ಯಂತ್ರವನ್ನು ಆಗಲೇ ಒರೆಸಿ ಗುಜರಿಗೆ ಕೊಟ್ಟಾಗಿತ್ತು. ಅದಕ್ಕೇನಂತೆ, ಐದರಿಂದ ಭಾಗಿಸಿ ಶೇಷ ನೋಡುವುದು ಯಾವ ಮಹಾ ವಿದ್ಯೆ ಎಂದು ಗುನಾರ್ಸೊ ಚಹಾ ಆರುವುದರೊಳಗೆ ಹೊಸ ಪಂಚವಾರ ಬರೆದಿದ್ದ. ಬರೆದು, ಬಾಯಲ್ಲಿ ಸಿಳ್ಳೆ ಕೂಡ ಹಾಕಿದ್ದ. ಆ ಸಿಳ್ಳೆ ಈಗ ನೆನಪಾಗಿ ಹೆಲ್ಮೆಟ್ಟಿನೊಳಗೆ ಕಿವಿ ಬಿಸಿಯಾಯಿತು.

ಅದಕ್ಕಿಂತ ಬಿಸಿಯಾದದ್ದು ಇನ್ನೊಂದಿತ್ತು. ವೆತೊನ್ ಕಡತದ ತಲೆಯಲ್ಲಿ ಒಂದು ಟಿಪ್ಪಣಿ ಇತ್ತು: ‘ಇದನ್ನು ತೆಗೆಯುವ ಮುನ್ನ ನನ್ನನ್ನು ಕೇಳಿ. ಮುರ್.’ ಅವನು ಅದನ್ನು ಓದಿದ್ದ. ಓದಿ, ಮುದುಕರಿಗೆ ತಮ್ಮ ಹಳೇ ಸಾಮಾನಿನ ಮೇಲೆ ಇರುವ ಮೋಹ ಎಂದುಕೊಂಡಿದ್ದ. ಆಗ ಅವನ ಮನಸ್ಸಿನಲ್ಲಿದ್ದದ್ದು ಆ ಸಭೆ. ಎರಡು ವರ್ಷದ ಹಿಂದೆ ಜಾಕಾರ್ತದಿಂದ ಒಬ್ಬ ಅಧಿಕಾರಿ ಬಂದಿದ್ದ. ಗೋಡೆಯ ಮೇಲೆ ತಂತ್ರಾಂಶದ ಪುಟಗಳನ್ನು ತೋರಿಸುತ್ತಿರುವಾಗ ವೆತೊನ್ ಕಾಣಿಸಿ, ಆತ ಬಾಯಿಗೆ ಕೈ ಅಡ್ಡ ಹಿಡಿದು, "ಇದು ದನದ ಜಾತಕಾನೂ ಬರೆಯುತ್ತಾ?" ಎಂದಿದ್ದ. ಕೋಣೆಯೆಲ್ಲ ನಕ್ಕಿತ್ತು. ಗುನಾರ್ಸೊ ಎಲ್ಲರಿಗಿಂತ ಅರ್ಧ ಕ್ಷಣ ಮೊದಲೇ ನಕ್ಕಿದ್ದ. "ಅದು ನಮ್ಮ ಅಜ್ಜಿ ಮಸಾಲೆ ಡಬ್ಬಿ ಸರ್, ಬೇಗ ತೆಗೀತೀವಿ," ಎಂದೂ ಸೇರಿಸಿದ್ದ. ಮೇಜಿನ ತುದಿಯಲ್ಲಿ ಬು ಮುರ್ತಿನಿ ತಮ್ಮ ಗಾಜಿನ ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದ್ದರು, ಅಷ್ಟೆ. ಮಾರನೆಯ ವರ್ಷ ನಿವೃತ್ತರಾದಾಗ ಆ ಲೋಟವನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಬೀಳ್ಕೊಡುಗೆಯ ಭಾಷಣ ಮಾಡಿದವನೂ ಗುನಾರ್ಸೊನೇ.

ಭಾಷಣದಲ್ಲಿ ಹೇಳದೆ ಉಳಿದದ್ದು ಏನೆಂದರೆ, ಅವರು ಬರೆದದ್ದನ್ನು ಓದುವಾಗೆಲ್ಲ ಅವನಿಗೆ ಗುಡಿಸಿ ನೀರು ಹಾಕಿದ ಅಂಗಳಕ್ಕೆ ಕಾಲಿಟ್ಟಂತೆ ಆಗುತ್ತಿತ್ತು. ಇಲಾಖೆಯಲ್ಲಿ ದನದ ಕಿವಿಯ ಬಿಲ್ಲೆಯ ನಂಬರ್ ಬರೆದುಕೊಳ್ಳುವ ಗುಮಾಸ್ತೆಯಾಗಿದ್ದವರು, ಮೂವತ್ತೆಂಟನೆಯ ವಯಸ್ಸಿಗೆ ಯಾರದೋ ಹರಿದ ಪುಸ್ತಕ ಇಟ್ಟುಕೊಂಡು ಪರ್ಲ್ ಕಲಿತರು. ಅವರ ತಂತ್ರಾಂಶದಲ್ಲಿ ನಡುವೆ ಒಂದು ಸಣ್ಣ ಚಾವಡಿ, ಸುತ್ತ ಇಪ್ಪತ್ತಮೂರು ಪ್ಲಗಿನ್. ಲಸಿಕೆಗೆ ಒಂದು, ತೂಕಕ್ಕೆ ಒಂದು, ಲಾರಿಗೆ ಒಂದು. ಪ್ರತಿ ಕಡತದ ತಲೆಯಲ್ಲಿ ಅದಕ್ಕೆ ಯಾರ್ಯಾರು ಬೇಕು ಎಂದು ಒಂದೊಂದು ಸಾಲು. ಪರ್ಲ್‌ನಲ್ಲಿ ಅದು ‘ಯೂಸ್’ ಎಂಬ ಸಾಲು; ಬು ಮುರ್ತಿನಿ ಅದನ್ನು ಕುಲೊನುವುನ್ ಸಾಲು ಎನ್ನುತ್ತಿದ್ದರು. ಯಾರದೇ ಮನೆಯ ಮುಂದೆ ನಿಂತು ‘ಕುಲೊನುವುನ್’ ಎಂದು ಅಪ್ಪಣೆ ಕೇಳಿ, ಒಳಗಿನಿಂದ ‘ಮೊಂಗ್ಗೊ’, ಬನ್ನಿ, ಎಂದು ಬಂದ ಮೇಲೆ ತಾನೆ ಮೆಟ್ಟಿಲು ಹತ್ತುವುದು. ಮಾಡ್ಯೂಲುಗಳ ಕೊನೆಯ ಸಾಲಿನಲ್ಲಿ ಬರೇ ‘1’ ಎಂದು ಬರೆಯಬೇಕಾದ ಪರ್ಲ್‌ನ ಪದ್ಧತಿಯನ್ನು ಹೊಸಬರೆಲ್ಲ ಅರ್ಥವಾಗದೆ ಬಾಯಿಪಾಠ ಮಾಡುತ್ತಾರೆ. ಅವರು ಮಾತ್ರ ಬೆರಳಿಟ್ಟು ತೋರಿಸಿ, "ನೋಡು ದಿಕ್ ಗುನ್, ತಮ್ಮಾ, ಇದೇ ಮೊಂಗ್ಗೊ. ಕರೆದವರಿಗೆ ಒಳಗಿನಿಂದ ‘ಹೂಂ’ ಅನ್ನಬೇಕು. ಅನ್ನದಿದ್ರೆ ಕರೆದವನು ಬಾಗಿಲಲ್ಲೇ ಸಾಯ್ತಾನೆ," ಎಂದಿದ್ದರು. ಒಮ್ಮೆ ಲಸಿಕೆಯ ಪ್ಲಗಿನ್ ತೂಕವನ್ನು ಕೇಳಿ, ತೂಕವು ಲಸಿಕೆಯನ್ನು ಕೇಳಿ ಎರಡೂ ಸಿಕ್ಕಿಹಾಕಿಕೊಂಡಾಗ ಗುನಾರ್ಸೊ ಎರಡು ದಿನ ತಲೆ ಚಚ್ಚಿಕೊಂಡಿದ್ದ. ಅವರು ಬಂದು ನೋಡಿ ನಕ್ಕು, "ಇಬ್ಬರೂ ‘ನೀವು ಮೊದಲು, ನೀವು ಮೊದಲು’ ಅಂತ ಬಾಗಿಲಲ್ಲೇ ನಿಂತಿದಾರೆ ಕಣೋ," ಎಂದು, ಇಬ್ಬರಿಗೂ ಬೇಕಾಗಿದ್ದ ದನದ ವಯಸ್ಸಿನ ಲೆಕ್ಕವನ್ನು ಎತ್ತಿ ಮೂರನೆಯ ಒಂದು ಕಡತ ಮಾಡಿದ್ದರು. ಹದಿನಾಲ್ಕು ಸಾಲು. ಅದಕ್ಕೆ ಯಾರೂ ಬೇಕಿರಲಿಲ್ಲ, ಅದು ಎಲ್ಲರಿಗೂ ಬೇಕಾಗಿತ್ತು. ಕಡತ ಮುಚ್ಚಿ ಅವರು ಎದ್ದು ಹೋದ ಮೇಲೂ ಅವನು ಆ ಹದಿನಾಲ್ಕು ಸಾಲನ್ನೇ ನೋಡುತ್ತ ಕೂತಿದ್ದ. ಹೊಟ್ಟೆಕಿಚ್ಚು ಪಡಲೂ ಆಗದಷ್ಟು ಅದು ಚೊಕ್ಕವಾಗಿತ್ತು.

ಬು ಮುರ್ತಿನಿಯ ಮನೆಯ ಮುಂದೆ ಬಿದಿರಿನ ತಟ್ಟೆಗಳಲ್ಲಿ ಅಕ್ಕಿಯ ಹಪ್ಪಳ ಒಣಗುತ್ತಿತ್ತು. ಬಾಗಿಲು ತೆರೆದೇ ಇತ್ತು. ಗುನಾರ್ಸೊ ಕಿತ್ತಳೆ ಚೀಲ ಹಿಡಿದು ನಿಂತ. ಮೂರು ಸಲ ಕರೆದು ಉತ್ತರ ಬರದಿದ್ದರೆ ಹಿಂದಿರುಗುವುದು ಮರ್ಯಾದೆ. ಮೊದಲನೆಯ ಸಲ ಅವನು ‘ಕುಲೊನುವುನ್’ ಎಂದದ್ದು ಕಿತ್ತಳೆಗಳಿಗೆ ಮಾತ್ರ ಕೇಳಿಸಿತು. ಎರಡನೆಯ ಸಲ ಒಂದು ಕೋಳಿ ತಲೆಯೆತ್ತಿ ನೋಡಿತು. ಇನ್ನೊಂದು ಸಲ ಹೀಗೇ ಕರೆದರೆ ಮುಗಿಯಿತು, ನಾನು ಹೋಗಿದ್ದೆ, ಮನೆಯಲ್ಲಿ ಯಾರೂ ಇರಲಿಲ್ಲ ಎನ್ನಬಹುದು ಎಂದು ಒಳಗೊಳಗೇ ಹಗುರಾಗುತ್ತಿರುವಾಗ ಪಕ್ಕದ ಕೊಟ್ಟಿಗೆಯಿಂದ ಒಂದು ದನಿ ಬಂತು.

"ಯಾರಪ್ಪಾ ಅದು, ಕದ್ದ ಕೋಳಿ ವಾಪಸ್ ಕೊಡೋಕೆ ಬಂದವರ ಹಾಗೆ ಪಿಸುಗುಟ್ತಿರೋದು? ಗಟ್ಟಿಯಾಗಿ ಕೂಗು. ನಮ್ಮ ಮನೆಯವಳಿಗೆ ಎಡಗಿವಿ ಮಂದ."

ಬು ಮುರ್ತಿನಿಯ ಗಂಡ ಮಾರ್ನೊ. ಮೂವತ್ತು ವರ್ಷ ದನದ ಲಾರಿ ಓಡಿಸಿದ ಮನುಷ್ಯ. ಈಗಲೂ ಎರಡು ಕೈಯನ್ನೂ ಸ್ಟೀರಿಂಗ್ ಹಿಡಿದಷ್ಟು ಅಗಲಕ್ಕೆ ಇಟ್ಟುಕೊಂಡೇ ನಡೆಯುತ್ತಾರೆ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗುನಾರ್ಸೊ ಗಟ್ಟಿಯಾಗಿ ಕರೆದ.

"ಮೊಂಗ್ಗೊ," ಎಂದು ಒಳಗಿನಿಂದ ಬಂತು. ಹದಿನಾಲ್ಕು ತಿಂಗಳ ಮೇಲೆ ಕೇಳಿದ ದನಿ.

ಆಮೇಲೆ ಒಂದೂವರೆ ಗಂಟೆ ಅವರು ಏನೂ ಮಾತಾಡಲಿಲ್ಲ; ಎಂದರೆ, ಮಾತಾಡುತ್ತಲೇ ಇದ್ದರು. ಸಿಹಿ ಚಹಾ ಬಂತು. ಕಿತ್ತಳೆ ಎಷ್ಟು ಚೆನ್ನಾಗಿದೆ, ಇಷ್ಟೊಂದು ಯಾಕೆ ತಂದೆ ಎಂದಾಯಿತು. ಅವರ ಮೊಣಕಾಲು, ಅವನ ತಾಯಿಯ ಸಕ್ಕರೆ, ಹೊಸ ರಸ್ತೆಯ ತಿರುವು. ಬು ಮುರ್ತಿನಿ ಸ್ವಲ್ಪ ಸೊರಗಿದ್ದರು, ಕನ್ನಡಕ ಮಾತ್ರ ಅದೇ. ಅವನ ಚೀಲದಲ್ಲಿ ಲ್ಯಾಪ್‌ಟಾಪ್ ಇರುವುದನ್ನು ಅವರು ನೋಡಿದರು, ನೋಡಿಲ್ಲದವರಂತೆ ಹಪ್ಪಳದ ತಟ್ಟೆ ಮುಂದಿಟ್ಟರು. ಯಾಕೆ ಬಂದೆ ಎಂದು ಅವರು ಕೇಳಿಯಾರು ಎಂದು ಇವನು ಕಾದ. ಹೇಳಬೇಕಾದದ್ದನ್ನು ಇವನೇ ಹೇಳಲಿ ಎಂದು ಅವರು ಕಾದರು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಗುನಾರ್ಸೊನ ನಾಲಿಗೆಯ ತುದಿಗೆ ಆ ವಾಕ್ಯ ಬಂದು, ಚಹಾದ ಜೊತೆ ಕೆಳಗಿಳಿದು, ಮತ್ತೆ ಬಂತು. ಜಾಲನ್ ಬರೆದ ವರ್ಷ ಅವನಿಗೆ ನೆನಪಾಯಿತು. ಅವನೊಬ್ಬನೇ ಬರೆದ ಮೊದಲ ಪ್ಲಗಿನ್. ಎಲ್ಲರೂ ಮೆಚ್ಚಿ ಬೆನ್ನು ತಟ್ಟಿದ ಆ ಮಧ್ಯಾಹ್ನ ಬು ಮುರ್ತಿನಿ ಮನೆಯಿಂದ ಹುರಿದ ಬಾಳೆಹಣ್ಣು ತಂದು ಹಂಚಿದ್ದರು.

ಬಾಗಿಲಲ್ಲಿ ಬೀಡಿ ಸುತ್ತುತ್ತ ಕೂತಿದ್ದ ಮಾರ್ನೊ ಅದನ್ನು ಅಲ್ಲೇ ಇಟ್ಟರು. "ಮುರ್, ಈ ಮನುಷ್ಯ ಕಿತ್ತಳೆ ಹೊತ್ತುಕೊಂಡು ಹದಿನೆಂಟು ಕಿಲೊಮೀಟರ್ ಬಂದಿಲ್ಲ. ನೀವಿಬ್ಬರೂ ಹೀಗೇ ಒಬ್ಬರ ಮುಖ ಒಬ್ಬರು ನೋಡ್ಕೊಂಡಿದ್ರೆ ಕತ್ತಲಾಗುತ್ತೆ. ಏನ್ ಮಾಸ್, ಹೋದ ಪಾಹಿಂಗ್‌ದು ತಾನೆ?"

"ನಿಮಗೆ ಹೇಗೆ ಗೊತ್ತು ಪಾಕ್‌ದೆ?" ದೊಡ್ಡಪ್ಪನನ್ನು ಕರೆಯುವ ಹಾಗೆ ಕರೆದು ಗುನಾರ್ಸೊ ಕೇಳಿದ.

"ನಾನು ಒಂದು ಪಾಹಿಂಗ್ ಕೂಡ ತಪ್ಪಿಸಲ್ಲ. ಹಳೇ ಡ್ರೈವರುಗಳೆಲ್ಲ ಅಲ್ಲೇ ಸೇರೋದು. ಹಿಂದಿನ ಸಂಜೆ ಹನ್ನೊಂದು ಲಾರಿ ಗೇಟಿನ ಹೊರಗೆ ನಿಂತಿದ್ವು. ಮಧ್ಯರಾತ್ರಿ ಮೇಲೆ ಬೇರೆ ಚೀಟಿ ತಂದು ಒಳಗೆ ಬಿಡಿಸ್ಕೊಂಡ್ರು. ಒಂದು ಕರು ಲಾರೀಲೇ ಮಲಗಿತು, ಏಳಲಿಲ್ಲ."

ಕರುವಿನ ವಿಷಯ ಗುನಾರ್ಸೊನಿಗೆ ಯಾರೂ ಹೇಳಿರಲಿಲ್ಲ. ಹಾರ್ದಿಮಾನ್ ಮೊಮ್ಮಗಳ ಹಲ್ಲಿನ ಬಗ್ಗೆ ಹೇಳಿದ್ದರು.

"ಗೇಟಲ್ಲಿ ಯಾಕೆ ಬಿಡಲಿಲ್ಲ?"

"ಚೀಟೀಲಿ ಲೆಗಿ ಅಂತ ಇತ್ತಂತೆ. ಪಾಹಿಂಗ್ ಸಂತೆಗೆ ಲೆಗಿ ಚೀಟಿ ತಂದ್ರೆ ಹಳೇ ಚೀಟಿ ಅಂತಾರೆ, ಅಲ್ವಾ."

"ಆದ್ರೆ ಅದು ಕೊಟ್ಟದ್ದೇ ಲೆಗಿ ದಿನ—"

"ಎಷ್ಟು ಹೊತ್ತಿಗೆ?" ಎಂದರು ಬು ಮುರ್ತಿನಿ. ಒಂದೂವರೆ ಗಂಟೆಯಲ್ಲಿ ಕೆಲಸದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ದನಿಯಲ್ಲಿ ಏನೂ ಇರಲಿಲ್ಲ. ತೂಕದ ಕಲ್ಲನ್ನು ತಕ್ಕಡಿಯಲ್ಲಿಟ್ಟ ಹಾಗೆ ಇಟ್ಟರು.

ಗುನಾರ್ಸೊ ಗೋಡೆಯ ಗಡಿಯಾರದ ಕಡೆ ನೋಡಿದ. ಸಂಜೆ. ಲಾರಿ ಹೊರಡುವುದು ಸಂಜೆ. ಸೂರ್ಯ ಮುಳುಗಿದ ಕ್ಷಣಕ್ಕೆ ಲೆಗಿ ಮುಗಿದು ಪಾಹಿಂಗ್ ಹುಟ್ಟುತ್ತದೆ. ಅದು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ತೊಟ್ಟಿಲಲ್ಲಿದ್ದಾಗಲೇ ಗೊತ್ತಿದ್ದದ್ದು. ಗುರುವಾರದ ರಾತ್ರಿಯನ್ನು ಶುಕ್ರವಾರದ ರಾತ್ರಿ ಎಂದು ಕರೆಯುವವರ ಮನೆಯಲ್ಲೇ ಅವನೂ ಹುಟ್ಟಿದ್ದು. ಚಹಾ ಆರುವುದರೊಳಗೆ ಬರೆದ ಅವನ ಪಂಚವಾರ ಮಾತ್ರ ದಿನವನ್ನು ನಡುರಾತ್ರಿಯಲ್ಲಿ ಮುರಿಯುತ್ತಿತ್ತು. ಅವನು ಪರೀಕ್ಷೆ ಮಾಡಿದ್ದು ಕಚೇರಿ ವೇಳೆಯಲ್ಲಿ, ಆರು ಸಲವೂ ಬೆಳಗ್ಗೆ ಹತ್ತು ಗಂಟೆಗೆ.

"ಸೂರ್ಯ ಮುಳುಗಿದ್ದು ದನಕ್ಕೂ ಗೊತ್ತಾಗುತ್ತೆ ಮಾಸ್," ಎಂದರು ಮಾರ್ನೊ. "ನಿನ್ನ ಮಷೀನಿಗೆ ಯಾರು ಹೇಳ್ಬೇಕು?"

ನಗಬಹುದಾದ ಮಾತು. ಗುನಾರ್ಸೊ ನಗಲಿಲ್ಲ. ಈ ಸಲ ವಾಕ್ಯ ತಾನಾಗಿಯೇ ಬಂತು, ಸಿದ್ಧಪಡಿಸಿದ ಹಾಗೆ ಅಲ್ಲ, ಹಿಂದುಮುಂದಾಗಿ. "ವೆತೊನ್ ತೆಗೆದೆ ಬು. ನೀವು ಕೇಳಿ ಅಂತ ಬರೆದಿದ್ರಿ. ಓದಿದ್ದೆ. ಓದೀನೂ ಕೇಳಲಿಲ್ಲ. ನಿಮ್ಮ ಪಂಚವಾರ ಕಳೆದುಹಾಕಿದೆ. ನಂದು ನಾನೇ ಬರೆದೆ. ನಂಗೆ ಗೊತ್ತಾಗಲಿಲ್ಲ. ಹೇಳ್ಕೊಡಿ."

ಬು ಮುರ್ತಿನಿ ಎದ್ದು ಒಳಗೆ ಹೋದರು. ಕೋಪವೋ ಏನೋ ತಿಳಿಯಲಿಲ್ಲ. ಬಂದಾಗ ಕೈಯಲ್ಲಿ ಚೌಕಾಕಾರದ ಬಿಸ್ಕತ್ತಿನ ಡಬ್ಬ ಇತ್ತು. ಯಾರ ಮನೆಯಲ್ಲೂ ಅಂಥ ಡಬ್ಬದೊಳಗೆ ಬಿಸ್ಕತ್ತು ಇರುವುದಿಲ್ಲ. ಇವರದರಲ್ಲಿ ಎರಡು ಅಂಚಿಗೂ ತೂತುಗಳಿರುವ ಹಳೆಯ ಕಂಪ್ಯೂಟರ್ ಕಾಗದದ ಮಡಿಕೆ ಇತ್ತು. ಇಪ್ಪತ್ತಮೂರೂ ಪ್ಲಗಿನ್, ಅವುಗಳ ಮಾಡ್ಯೂಲ್, ಎಲ್ಲ ಅಚ್ಚಾಗಿದ್ದವು. ಅಚ್ಚಿನ ಮಸಿ ನೇರಳೆಗೆ ತಿರುಗಿತ್ತು. ಅವರು ಒಂದು ಮಡಿಕೆ ಬಿಚ್ಚಿ ಗಟ್ಟಿಯಾಗಿ ಓದಿದರು, ಹಿಂದೆ ಯಂತ್ರ ಶುರು ಮಾಡುವ ಮುಂಚೆ ಓದುತ್ತಿದ್ದ ಹಾಗೆಯೇ: "ಪಂಚವಾರ. ಯಾರನ್ನ ಕೇಳುತ್ತೆ? ಸುರುಪ್‌ನ ಕೇಳುತ್ತೆ."

ಸುರುಪ್, ಎಂದರೆ ಸೂರ್ಯಾಸ್ತ. ಹತ್ತೊಂಬತ್ತು ಸಾಲು. ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು, ಪ್ರತಿಯೊಂದರಲ್ಲೂ ಗಂಟೆ, ನಿಮಿಷ.

"ಇವು ಎಲ್ಲಿಂದ ಸಿಕ್ಕಿದ್ವು ಬು?"

"ಇವರಿಂದ," ಎಂದು ಗಂಡನ ಕಡೆ ಗಲ್ಲ ಚಾಚಿದರು. "ಎರಡು ಸಾವಿರದ ನಾಲ್ಕರಲ್ಲಿ. ನಾನೂ ಮೊದಲು ನಡುರಾತ್ರಿಗೇ ಬರೆದಿದ್ದೆ ಕಣೋ. ಇವರು ಗೇಟಲ್ಲಿ ಲಾರಿ ನಿಲ್ಲಿಸ್ಕೊಂಡು ರೇಗಿ ಬಂದ್ರು. ಹಾಗಾದ್ರೆ ಸೂರ್ಯ ಯಾವಾಗ ಮುಳುಗ್ತಾನೆ ಅಂತ ನೀವೇ ಬರ್ಕೊಂಡು ಬನ್ನಿ ಅಂದೆ. ಒಂದು ವರ್ಷ ಬರೆದ್ರು. ಪ್ರತಿ ಸಂತೆಗೂ, ಗೇಟಿನ ಹತ್ತಿರದ ಮಸೀದೀಲಿ ಸಂಜೆ ನಮಾಜಿನ ಮಗ್ರಿಬ್ ಬಾಂಗ್ ಕೂಗಿದ ಹೊತ್ತು."

"ಮಾರ್ಚ್ ತಪ್ಪಿದೆ," ಎಂದರು ಮಾರ್ನೊ. "ಎರಡು ನಿಮಿಷ. ಇಪ್ಪತ್ತು ವರ್ಷದಿಂದ ಹೇಳ್ತಿದೀನಿ."

"ನೀವು ಆವತ್ತು ಗಡಿಯಾರ ಅಡ ಇಟ್ಟಿದ್ರಿ. ಅದಕ್ಕೇ ತಪ್ಪಿದೆ."

ಗುನಾರ್ಸೊ ಆ ಹನ್ನೆರಡು ಸಾಲುಗಳ ಮೇಲೆ ಬೆರಳಾಡಿಸಿದ. ಲಾರಿಯ ಬಾನೆಟ್ಟಿನ ಮೇಲೆ ಸಿಗರೇಟು ಪ್ಯಾಕಿನ ಹಿಂಬದಿಗೆ ಬರೆದುಕೊಂಡ ಒಂದು ವರ್ಷದ ಸಂಜೆಗಳು ಅಲ್ಲಿ ಅಂಕಿಯಾಗಿ ಕೂತಿದ್ದವು. ಅದರ ಕೆಳಗೆ, ತನ್ನ ಜಾಗದಲ್ಲಿ, ‘1’. ಮೊಂಗ್ಗೊ. ಇದರಲ್ಲಿ ಯಾವುದೂ ಅತಿಯಾಗಿರಲಿಲ್ಲ. ಪಂಚವಾರಕ್ಕೆ ಸೂರ್ಯನ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅದಕ್ಕೆ ಗೊತ್ತಿತ್ತು, ತಲೆಯ ಸಾಲಿನಲ್ಲೇ ಕೇಳಿಕೊಂಡಿತ್ತು. ತಾನು ಇಷ್ಟು ವರ್ಷ ಇಂಥ ಮನುಷ್ಯರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ ಎಂಬುದು ಅವನಿಗೆ ಈಗ, ಹಪ್ಪಳದ ವಾಸನೆಯ ನಡುವೆ, ಯಾವುದೋ ದೊಡ್ಡ ಸಂಬಳದಂತೆ ಕಂಡಿತು. ಪಡೆದುಕೊಂಡು ಎಣಿಸದೆ ಜೇಬಿಗೆ ಹಾಕಿಕೊಂಡಿದ್ದ ಸಂಬಳ.

"ಈಗ ನಿನ್ನ ಜಾಲನ್ ತೋರಿಸು," ಎಂದರು ಅವರು.

ತೋರಿಸಿದ. ಅವರು ಕನ್ನಡಕ ಮೇಲೆ ಸರಿಸಿ ಕಡತದ ತಲೆ ನೋಡಿದರು. ಅಲ್ಲಿ ಅವನ ಹೆಸರಿತ್ತು, ತಾರೀಕಿತ್ತು, ಅದರ ಕೆಳಗೆ ಖಾಲಿ. ಜಾಲನ್ ಪಂಚವಾರವನ್ನು ಬಳಸುತ್ತಿತ್ತು, ಆದರೆ ಎಲ್ಲಿಯೂ ಕೇಳಿಕೊಂಡಿರಲಿಲ್ಲ. ವೆತೊನ್ ಕೇಳಿ ಕರೆಸಿಕೊಂಡಿದ್ದ ಪಂಚವಾರ ಹೇಗೂ ಮನೆಯಲ್ಲೇ ಇತ್ತು. ಜಾಲನ್ ಹಿತ್ತಿಲಿನಿಂದ ಬಂದು ಬಡಿಸಿಕೊಂಡು ಹೋಗುತ್ತಿತ್ತು. ಇದನ್ನು ಗುನಾರ್ಸೊ ಏಳು ದಿನದ ಹಿಂದೆಯೇ ಅರ್ಥ ಮಾಡಿಕೊಂಡಿದ್ದ, ಅರ್ಥ ಮಾಡಿಕೊಂಡು, ತನ್ನ ಹೊಸ ಪಂಚವಾರವನ್ನು ನಡುವಿನ ಚಾವಡಿಯಿಂದಲೇ ಕರೆಸಿ, ಬೇರೆ ಕಡೆ ನೋಡಿದ್ದ.

"ನಿಮಗೆ ಇದು ಮೊದಲೇ ಗೊತ್ತಿತ್ತಾ?"

ಬು ಮುರ್ತಿನಿ ಕಿತ್ತಳೆಯೊಂದನ್ನು ಎತ್ತಿಕೊಂಡು, ಸುಲಿಯದೆ, ಕೈಯಿಂದ ಕೈಗೆ ಹಾಕಿದರು. "ನೀನು ಜಾಲನ್ ಬರೆದ ವರ್ಷಾನೇ ಕಚೇರಿಯವರು ವೆತೊನ್ ತೆಗೀರಿ ಅಂದಿದ್ರು. ಯಾರೂ ಉಪಯೋಗಿಸ್ತಿರಲಿಲ್ಲ, ನಂಗೂ ಅದರ ಮೇಲೆ ಆಸೆ ಏನಿರಲಿಲ್ಲ. ಒಂದು ಮಧ್ಯಾಹ್ನ ತೆಗೆದು ನೋಡಿದೆ. ನಿನ್ನ ಜಾಲನ್ ಬಿತ್ತು. ಆವತ್ತೇ ಎಲ್ಲರೂ ನಿನ್ನ ಬೆನ್ನು ತಟ್ತಾ ಇದ್ರು. ನಿನ್ನ ಮುಖ ನೋಡಿದೆ. ಹೇಳೋಕೆ ಎವೂಹ್ ಆಯ್ತು ಕಣೋ, ಸಂಕೋಚ. ನಾಳೆ ಹೇಳೋಣ ಅಂದ್ಕೊಂಡೆ. ವೆತೊನ್ ವಾಪಸ್ ಹಾಕ್ದೆ, ತಲೇಲಿ ಆ ಟಿಪ್ಪಣಿ ಬರೆದೆ. ಆ ನಾಳೆ ಬರಲೇ ಇಲ್ಲ."

"ಮತ್ತೆ ಆ ಸಭೆಯಲ್ಲಿ—"

"ಹೂಂ."

ಅಜ್ಜಿಯ ಮಸಾಲೆ ಡಬ್ಬಿ ಎಂದು ಅವನು ನಕ್ಕದ್ದು, ಅವನನ್ನೇ ಬೀಳದಂತೆ ಹಿಡಿದುಕೊಂಡಿದ್ದ ಕೈಯ ಮೇಲೆ. ಆ ಕೈ ಆಗ ಲೋಟದ ಮುಚ್ಚಳ ತೆಗೆದು ಮುಚ್ಚಿತ್ತು. ಗುನಾರ್ಸೊ ನೆಲದ ಹಂಚು ನೋಡುತ್ತ ಕೂತ. ಒಂದು ಹ‍ಂಚಿನ ಮೂಲೆ ಒಡೆದಿತ್ತು. ಕ್ಷಮಿಸಿ ಎಂಬ ಮಾತು ಈ ಕೆಲಸಕ್ಕೆ ಸಣ್ಣದಾಗಿ ಕಂಡಿತು.

"ತಪ್ಪು ನಂದೂ ಇದೆ," ಎಂದರು ಬು ಮುರ್ತಿನಿ. "ನಿನಗೆ ನೋವಾಗಬಾರದು ಅಂತ ನಿನ್ನ ತಪ್ಪಿಗೆ ನೆರಳು ಹಿಡಿದೆ. ಆ ನೆರಳಲ್ಲಿ ಅದು ಹತ್ತು ವರ್ಷ ಹಾಯಾಗಿ ಬೆಳೀತು. ಹೇಳಿದ್ರೆ ನೀನು ಒಂದು ದಿನ ಮುಖ ಊದಿಸ್ಕೊಂಡಿರ್ತಿದ್ದೆ, ಅಷ್ಟೆ. ಕರು ಉಳೀತಿತ್ತು."

"ಮುಖ ಊದಿಸ್ಕೊಳ್ಳೋದು ಎರಡು ದಿನ ಅಂತ ಇಟ್ಕೋ," ಎಂದರು ಮಾರ್ನೊ. "ಹುಡುಗ ಸ್ವಲ್ಪ ಜಂಬದವನು."

ನಾಲ್ಕು ಗಂಟೆ ಹೊಡೆಯಿತು. ಅವರು ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಟೈಪ್ ಮಾಡಿದ್ದು ಅವನೇ. ಅವರು ಕಾಗದ ನೋಡಿ ಓದಿದರು, ಅವನು ಹೊಡೆದ: ಸುರುಪ್ ಹತ್ತೊಂಬತ್ತು ಸಾಲು, ಪಂಚವಾರ ಮೂವತ್ತೊಂದು. ಮಾರ್ಚ್ ತಿಂಗಳಿಗೆ ಬಂದಾಗ ಬು ಮುರ್ತಿನಿ ಗಂಡನ ಕಡೆ ನೋಡಿ, "ಎರಡು ನಿಮಿಷ ಸೇರಿಸು. ಇನ್ನು ನಾನು ಕೇಳಲಾರೆ," ಎಂದರು. ಮಾರ್ನೊ ಬೀಡಿ ಹಚ್ಚಿದರು, ಗೆದ್ದವರ ಹಾಗೆ. ಅದಾದ ಮೇಲೆ ಜಾಲನ್. ಮೇಲಿನಿಂದ ಕೆಳಗೆ ಒಂದೊಂದು ಸಾಲಿಗೂ ಬೆರಳಿಟ್ಟು ಅವರು ಕೇಳಿದರು, "ಇದು ಯಾರ ಮನೇದು?" ಲಸಿಕೆಯ ಮನೆಯದು. "ಕೇಳಿದ್ಯಾ?" ಇಲ್ಲ. "ಬರಿ." ತೂಕವನ್ನು ಕೇಳಿರಲಿಲ್ಲ, ಲಾರಿಯನ್ನೂ ಕೇಳಿರಲಿಲ್ಲ, ಪಂಚವಾರವನ್ನಂತೂ ಇಲ್ಲವೇ ಇಲ್ಲ. ಎಲ್ಲವೂ ಹೇಗೂ ಇರುತ್ತವೆ ಎಂದು, ಇರುವಾಗ ಕೇಳುವುದೇಕೆ ಎಂದು ಬಿಟ್ಟಿದ್ದ.

"ಲಸಿಕೇನ ಬೇರೆ ಆರು ಪ್ಲಗಿನ್ ಆಗಲೇ ಕೇಳಿವೆಯಲ್ಲ ಬು. ಮತ್ತೆ ಮತ್ತೆ ಕೇಳಿದ್ರೆ ಯಂತ್ರಕ್ಕೆ ಭಾರ ಆಗಲ್ವಾ ಅಂತ..."

"ಎಷ್ಟು ಜನ ಕೇಳಿದ್ರೂ ಪರ್ಲ್ ತರೋದು ಒಂದೇ ಸಲ. ಆಮೇಲೆ ಕೇಳಿದವರಿಗೆಲ್ಲ ‘ಬಂದಿದೆ, ಮೊಂಗ್ಗೊ’ ಅಂತ ಅಷ್ಟೇ. ಎರಡನೇ ಸಲ ಕೇಳೋದಕ್ಕೆ ಖರ್ಚಿಲ್ಲ ಕಣೋ. ಇಷ್ಟು ವರ್ಷದಲ್ಲಿ ಇದೊಂದು ನಿಂಗೆ ಹೇಳ್ಕೊಡದೆ ಬಿಟ್ಟೆ ನೋಡು."

ಮಧ್ಯಾಹ್ನ ಹಣ್ಣಿನಂಗಡಿಯ ಮುಂದೆ ತಾನು ಕೂಡಿಸಿದ ಲೆಕ್ಕ ಗುನಾರ್ಸೊನಿಗೆ ನೆನಪಾಯಿತು.

ಯಂತ್ರದ ಗಡಿಯಾರವನ್ನು ಐದು ಗಂಟೆಗೆ ತಿರುಗಿಸಿ ಚೀಟಿ ತೆಗೆದ: ಲೆಗಿ. ಆರೂವರೆಗೆ ತಿರುಗಿಸಿದ: ಪಾಹಿಂಗ್. ವೆತೊನ್ ಇಲ್ಲದೆಯೇ ಜಾಲನ್ ತನ್ನ ಕಾಲ ಮೇಲೆ ನಿಂತಿತ್ತು. ವೆತೊನ್ ವಾಪಸ್ ಹಾಕಲೇ ಎಂದು ಕೇಳಿದ. ಬು ಮುರ್ತಿನಿ ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಬೇಡ. ಅದರ ಕೆಲಸ ಮುಗೀತು."

ಹೊಸ ಕಡತಗಳನ್ನು ಕೋಣೆಯ ಯಂತ್ರಕ್ಕೆ ಕಳಿಸಿ ಹಾರ್ದಿಮಾನ್‌ಗೆ ಫೋನ್ ಮಾಡಿದಾಗ ಐದು ದಾಟಿತ್ತು. ಮೊಮ್ಮಗಳ ವಿಷಯ ಬರುವ ಮುಂಚೆಯೇ ಗುನಾರ್ಸೊ, "ತಪ್ಪು ನಂದು ಪಾಕ್. ದಿನ ಬದಲಾಗೋದನ್ನ ನಡುರಾತ್ರಿಗೆ ಬರೆದಿದ್ದೆ. ಈಗ ಸರಿಹೋಗಿದೆ. ಪುಸ್ತಕ ಪಕ್ಕದಲ್ಲಿ ಇಟ್ಕೊಳ್ಳಿ, ಮಗ್ರಿಬ್ ಆದ ಮೇಲೆ ನಮ್ಮದ್ರಲ್ಲಿ ಒಂದು ಚೀಟಿ ತೆಗೆದು ನೋಡಿ. ಲೆಗಿ ಅಂತ ಬಂದ್ರೆ ಪುಸ್ತಕಾನೇ ಉಪಯೋಗಿಸಿ, ನಾನು ಮತ್ತೆ ಕೇಳಲ್ಲ," ಎಂದ. ಹಾರ್ದಿಮಾನ್, ಇದುವರೆಗೆ ಅವನು ಕೇಳಿರದ ಒಂದು ಸಾದಾ ದನಿಯಲ್ಲಿ, "ಲೆಗಿ ಅಂತ ಬರ್ತಿದೆ ಅಂತ ನಿಮಗೆ ನಾನೇ ಹೇಳಬಹುದಿತ್ತು ಮಾಸ್," ಎಂದರು.

ಗುನಾರ್ಸೊ ಅಂಗಳದಲ್ಲಿ ಹಪ್ಪಳದ ತಟ್ಟೆಗಳನ್ನು ಒಳಗೆ ಸಾಗಿಸಲು ಕೈ ಹಾಕಿದ. ಬೆಟ್ಟದ ಹಿಂದೆ ಬೆಳಕು ಇಳಿಯಿತು. ಕೆಳಗಿನ ಹಳ್ಳಿಯಿಂದ ಬಾಂಗ್ ಕೇಳಿತು. ಮಾರ್ನೊ ಅಭ್ಯಾಸಬಲದಿಂದ ಕೈಗಡಿಯಾರ ನೋಡಿದರು. ಹತ್ತು ನಿಮಿಷದ ಮೇಲೆ ಫೋನಿಗೆ ಒಂದು ಚಿತ್ರ ಬಂತು, ಹಾರ್ದಿಮಾನ್ ಕಳಿಸಿದ್ದು. ರಹದಾರಿ ಚೀಟಿ, ಹೋರಿ ನಾಲ್ಕು, ಕರು ಒಂದು, ದಿನ ಪಾಹಿಂಗ್. ಮೇಜಿನ ಅಂಚಿನಲ್ಲಿ ಕಾರ್ಬನ್ ಪುಸ್ತಕ ಮುಚ್ಚಿದ ಹಾಗೆಯೇ ಇತ್ತು. ಬು ಮುರ್ತಿನಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಫೋನನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು. "ಇನ್ನೊಂದು ಸಲ ಬರುವಾಗ ಕಿತ್ತಳೆ ತರಬೇಡ," ಎಂದರು. "ಮೊದಲನೇ ಸಲಕ್ಕೇ ಗಟ್ಟಿಯಾಗಿ ಕೂಗು."

ಹೋದದ್ದು ನೂರ ಹನ್ನೆರಡು ಸಾಲಿನ ವೆತೊನ್, ಜಾಲನ್ ತಾನೊಬ್ಬನೇ ಕಟ್ಟಿದ್ದೆಂಬ ಹತ್ತು ವರ್ಷದ ಹೆಮ್ಮೆ, ಹನ್ನೊಂದು ಲಾರಿಗಳ ಒಂದು ರಾತ್ರಿ, ಒಂದು ಕರು. ಬಂದದ್ದು ಜಾಲನ್ ಕಡತದ ತಲೆಯಲ್ಲಿ, ಕೇಳುವ ನಾಲ್ಕು ಸಾಲು. ಕರುವಿಗೆ ಅವು ತಡವಾದವು, ಉಳಿದವಕ್ಕೆ ಸಾಕಾದವು.